ಬೇಯಿಸಿದ ಬಿತ್ತು

ಪರಿಮಳದ ಅಕ್ಕಿಯಂತೆ, ಪರಿಮಳದ ಅಕ್ಕಿ! ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಸಿ, ಮೇಲೊಂದು ಚಿತ್ರ ಹಾಕಿ ಅಂಗಡಿಯಲ್ಲಿ ಮಾರುತ್ತಾರೆ. ನನ್ನ ಸೊಸೆ ಅದನ್ನು ತಂದು ಬೇಯಿಸಿ, ಮುಚ್ಚಳ ತೆಗೆದು, "ಅತ್ತೇ, ಹೇಗುಂಟು ಪರಿಮಳ?" ಎಂದು ಕೇಳುತ್ತಾಳೆ. ಒಳ್ಳೆಯ ಹೆಣ್ಣು, ಬೇಜಾರು ಮಾಡಬಾರದು. "ಭಾರೀ ಲಾಯ್ಕುಂಟು" ಎನ್ನುತ್ತೇನೆ. ಹೊರಗೆ ಬಂದು ಜಗಲಿಯಲ್ಲಿ ಕೂತ ಮೇಲೆ ಮಾತ್ರ ಬೇರೆಯೇ ಒಂದು ಅನ್ನ ನೆನಪಾಗುತ್ತದೆ. ಆ ಅನ್ನ ನಾನು ಉಂಡದ್ದು ಒಂದೇ ಒಂದು ವರ್ಷ, ಮದುವೆಯಾಗಿ ಐವರ್ನಾಡಿನಿಂದ ಮರ್ಕಂಜದ ಈ ಮನೆಗೆ ಬಂದ ವರ್ಷ.

ಮನೆಯೊಳಗೆ ನಾವು ಆಡುವುದು ಅರೆಭಾಷೆ, ಹೊರಗೆ ತುಳು. ಎಲ್ಲರಿಗೂ ಅರ್ಥವಾಗಲಿ ಎಂದು ಪೇಟೆ ಕನ್ನಡದಲ್ಲಿ ಹೇಳುತ್ತಿದ್ದೇನೆ. ನನ್ನ ಅತ್ತೆ, ಅಂದರೆ ಗಂಡನ ಅವ್ವ, ಇದನ್ನು ಕೇಳಿದ್ದರೆ "ಎಂತ ಮಾರಾಯ್ತಿ, ಮೇಷ್ಟ್ರ ಹೆಂಡತಿಯ ಹಾಗೆ ಮಾತಾಡ್ತಿ" ಎಂದು ತಮಾಷೆ ಮಾಡುತ್ತಿದ್ದರು. ಯಾರನ್ನೂ ಬಿಟ್ಟವರಲ್ಲ ಅವರು. ತಮಾಷೆ ಮಾಡದೆ ಇದ್ದದ್ದು ಒಂದೇ ಒಂದರ ಬಗ್ಗೆ, ಅದು ಅವರ ಕಯಮೆ ಎಂಬ ಪರಿಮಳದ ಭತ್ತ.

ಅತ್ತೆಯ ತವರು ಗುತ್ತಿಗಾರಿನಿಂದಲೂ ಆಚೆ, ಕಾಡಿನ ಬುಡದಲ್ಲಿ. ಅವರ ಮದುವೆಯಲ್ಲಿ ಎಲ್ಲರೂ ಮಡಿಲಿಗೆ ಅಕ್ಕಿ ಹಾಕಿದರೆ ಅವರ ಅವ್ವ ಮಾತ್ರ ಭತ್ತ ಹಾಕಿದರಂತೆ. "ಕುಟ್ಟಲಿಕ್ಕೂ ಜನ ಇಲ್ಲದ ಮನೆಯ ಹೆಣ್ಣು" ಎಂದು ಗಂಡಿನ ಕಡೆಯವರು ನಕ್ಕರಂತೆ. ಅತ್ತೆ ಆ ಭತ್ತವನ್ನು ಸೆರಗಿನಲ್ಲಿ ಗಂಟು ಕಟ್ಟಿ ತಂದು, ಹೊಳೆಬದಿಯ ಸಣ್ಣ ಗದ್ದೆಯ ಮೂಲೆಯಲ್ಲಿ ಬಿತ್ತಿ, ವರ್ಷ ವರ್ಷ ಹೆಚ್ಚು ಮಾಡಿ ಇಡೀ ಗದ್ದೆಗೆ ತಂದರು. ಆಮೇಲೆ ತವರಿನ ಕಥೆ ಮುಗಿಯಿತು. ಜ್ವರ ಬಂತು, ಆನೆ ಬಂತು, ಅಣ್ಣಂದಿರು ಒಬ್ಬೊಬ್ಬರಾಗಿ ಬಿಟ್ಟು ಹೋದರು, ಗದ್ದೆಯಲ್ಲಿ ಮರ ಎದ್ದಿತು. ನನಗೆ ತವರು ನೆನಪಾದರೆ ಐವರ್ನಾಡಿಗೆ ಹೋಗಬಹುದಿತ್ತು. ಅತ್ತೆ ಹೊಳೆಬದಿಯ ಗದ್ದೆಗೆ ಇಳಿಯುತ್ತಿದ್ದರು.

ಆ ಭತ್ತ ಸೊಂಟಕ್ಕಿಂತ ಎತ್ತರ, ತೆನೆಗೆ ಕಪ್ಪು ಮೀಸೆ. ಎಲೆ ಕಿತ್ತು ಅಂಗೈಯಲ್ಲಿ ಉಜ್ಜಿದರೆ ಸಾಕು, ಪರಿಮಳ. ತೆನೆ ಬಿಡುವ ಹೊತ್ತಿಗೆ ಗಾಳಿ ಈ ಕಡೆ ತಿರುಗಿದರೆ ಅಂಗಳದಲ್ಲಿ ಕೂತವರಿಗೂ ಹಸಿವಾಗುತ್ತಿತ್ತು. ಅದು ಹೇಗಿತ್ತು ಅಂತ ಕೇಳಿದರೆ ಹೇಳಲಿಕ್ಕೆ ನನಗೆ ಬರುವುದಿಲ್ಲ. ಬಂದಿದ್ದರೆ ಇಷ್ಟು ಸಂಕಟ ಇರುತ್ತಿರಲಿಲ್ಲ. ಬೆಳೆ ಮಾತ್ರ ಅಷ್ಟಕ್ಕಷ್ಟೆ. ಗಾಳಿ ಸ್ವಲ್ಪ ಜೋರಾದರೆ ಮಲಗಿಬಿಡುವ ಜಾತಿ. "ಪರಿಮಳ ಹೊಟ್ಟೆ ತುಂಬಿಸ್ತದಾ?" ಎಂದು ಮಾವ ವರ್ಷಕ್ಕೊಮ್ಮೆ ಗೊಣಗುತ್ತಿದ್ದರು. "ನಿಮ್ಮ ಹೊಟ್ಟೆ ತುಂಬಿಸ್ಲಿಕ್ಕೆ ಬೇರೆ ಗದ್ದೆ ಉಂಟಲ್ಲ" ಎಂದು ಅತ್ತೆ ಬಾಯಿ ಮುಚ್ಚಿಸುತ್ತಿದ್ದರು.

ಅರುವತ್ತರ ದಶಕದ ನಡುವಿನ ಕಾಲ ಅದು. ಅಕ್ಕಿಗೆ ಬರಗಾಲ. ಸುಳ್ಯದ ರೇಷನ್ ಅಂಗಡಿಯ ಮುಂದೆ ಅಮೆರಿಕದ ಗೋಧಿಗೆ ಸಾಲು ನಿಲ್ಲುತ್ತಿದ್ದರು, ತಂದ ಮೇಲೆ ಅದನ್ನು ಎಂತ ಮಾಡುದು ಅಂತ ಯಾರಿಗೂ ಗೊತ್ತಿರಲಿಲ್ಲ. ನಾನು ಗಂಜಿಯ ಹಾಗೆ ಬೇಯಿಸಿ ಇಟ್ಟು ಬೈಸಿಕೊಂಡಿದ್ದೇನೆ. ಅಂಥ ಸಮಯದಲ್ಲಿ ಭತ್ತದ ಸಂಶೋಧನೆಗೆಂದು ಸರ್ಕಾರದ ಹಣ ಬಂತು. ನಮ್ಮ ಮನೆಯ ಹತ್ತಿರದ ಗುಡ್ಡೆಯ ಮೇಲೆ ತಗಡಿನ ಒಂದು ಶೆಡ್ಡು ಎದ್ದಿತು, ಅದರ ಬಾಗಿಲಿಗೆ ಒಂದು ಬೋರ್ಡು, ಬೋರ್ಡಿನ ಹಿಂದೆಯೇ ಒಬ್ಬ ಆಫೀಸರು. ಗಟ್ಟದ ಮೇಲಿನವರು. ಇನ್ನೂ ಮದುವೆಯಾಗದ ತೆಳ್ಳಗಿನ ಮನುಷ್ಯ. ಮಳೆಗೆ ಹೆದರುತ್ತಿದ್ದರು, ಜಿಗಣೆಗೆ ಇನ್ನೂ ಹೆಚ್ಚು ಹೆದರುತ್ತಿದ್ದರು. ಊರವರು ಅವರಿಗೆ ಭತ್ತದ ಆಫೀಸರು ಎಂದು ಹೆಸರಿಟ್ಟರು.

ಅವರು ತಂದದ್ದು ಹೊರದೇಶದ ಕುಳ್ಳ ಭತ್ತ. ಮೊಣಕಾಲಿಗಿಂತ ಸ್ವಲ್ಪ ಮೇಲೆ ಬರುವ ಗಿಡ, ಆದರೆ ತೆನೆ ನೋಡಿದರೆ ಕಣ್ಣು ಬಿಡಬೇಕು. ನಮ್ಮ ಹೊಳೆಬದಿಯ ಗದ್ದೆಗೆ ಬೇಕಾದಷ್ಟು ನೀರು ಇದೆ, ಅರ್ಧ ಕೊಡಿ ಎಂದು ಕೇಳಿದರು. ಮಾವ ಒಪ್ಪಿದರು. ಅತ್ತೆ ಏನೂ ಹೇಳದೆ ಒಂದು ಹಗ್ಗ ಹಿಡಿದು ಹೋಗಿ ಗದ್ದೆಯ ನಡುವೆ ಎಳೆದು ಕಟ್ಟಿ, "ಈಚೆ ನಿಮ್ಮದು, ಆಚೆ ನನ್ನದು, ದಾಟಿದ್ರೆ ಜಾಗ್ರತೆ" ಎಂದರು.

ದಾಟಿದ್ದು ಅತ್ತೆಯೇ. ಭತ್ತ ಹೂ ಬಿಡುವ ಸಮಯದಲ್ಲಿ ಆಫೀಸರು ಬೆಳಿಗ್ಗೆಯೇ ಗದ್ದೆಗೆ ಇಳಿದು, ಒಂದು ಸಣ್ಣ ಚಿಮಟ ಹಿಡಿದು ಕುಳ್ಳ ಭತ್ತದ ಹೂವಿನೊಳಗಿಂದ ಏನೋ ಕೀಳುತ್ತಿದ್ದರು. ಆಮೇಲೆ ಕಯಮೆಯ ತೆನೆಯನ್ನು ಅದರ ಮೇಲೆ ಮೆಲ್ಲಗೆ ಕೊಡವಿ, ಕಾಗದದ ತೊಟ್ಟೆ, ಅಂದರೆ ಸಣ್ಣ ಚೀಲ, ಹಾಕಿ ಕಟ್ಟುತ್ತಿದ್ದರು. ಮೊದಲು ದೂರದಿಂದ ನೋಡುತ್ತಿದ್ದ ಅತ್ತೆ ಒಂದು ದಿನ ಹಗ್ಗ ದಾಟಿ ಬಂದು ಅಂಚಿನಲ್ಲಿಯೇ ಕೂತು ಕೇಳಿದರು, "ಎಂತ ಆಫೀಸರೇ, ನನ್ನ ಭತ್ತಕ್ಕೆ ನನ್ನನ್ನು ಕೇಳದೆ ಮದುವೆ ಮಾಡಿಸುದಾ?"

ಅವರು ಕಿವಿ ಕೆಂಪು ಮಾಡಿಕೊಂಡು ಹೇಳಿದರು, "ಹೌದಮ್ಮ, ಒಂದು ರೀತಿ ಮದುವೆಯೇ. ಈ ಕುಳ್ಳಂದು ಇಳುವರಿ, ನಿಮ್ಮದರ ಪರಿಮಳ, ಎರಡೂ ಒಂದೇ ಗಿಡದಲ್ಲಿ ಬರುತ್ತದಾ ಅಂತ ನೋಡೋದು."

"ಬರ್ತದಾ?"

"ಗೊತ್ತಿಲ್ಲಮ್ಮ."

ಮಾವ ಅಲ್ಲೇ ನೀರು ಬಿಡುತ್ತಿದ್ದವರು ಹಾರೆ ಊರಿ ನಿಂತರು. "ಗೊತ್ತಿಲ್ಲವಾ? ಗೊತ್ತಿಲ್ಲದ್ದಕ್ಕೆ ಸರ್ಕಾರ ಹಣ ಕೊಡ್ತದಾ ಮಾರಾಯ್ರೆ?"

"ಗೊತ್ತಿದ್ದರೆ ಹುಡುಕೋದು ಯಾಕೆ ಹೇಳಿ? ಬಂದರೆ ಬಂತು. ಬರದಿದ್ದರೆ ಈ ದಾರಿಯಲ್ಲಿ ಇಲ್ಲ ಅಂತ ತಿಳೀತು. ಅದಕ್ಕೂ ಹಣ ಬೇಕು."

ಮಾವ ಆ ಮಾತನ್ನು ಊರಿಡೀ ಹೇಳಿಕೊಂಡು ನಕ್ಕರು. ಇಲ್ಲ ಅಂತ ತಿಳಿಯಲಿಕ್ಕೂ ಸರ್ಕಾರ ಸಂಬಳ ಕೊಡುತ್ತದಂತೆ, ಹಾಗಾದರೆ ನನ್ನನ್ನೂ ಸೇರಿಸಿಕೊಳ್ಳಲಿ, ನನ್ನ ಬಾವಿಯಲ್ಲಿ ನೀರಿಲ್ಲ ಅಂತ ನಾನು ಪ್ರತಿ ಬೇಸಿಗೆಗೆ ತಿಳಿಸುತ್ತೇನೆ ಎಂದು. ಅತ್ತೆ ಮಾತ್ರ ನಗಲಿಲ್ಲ. "ನಾನು ಸೆರಗಿನಲ್ಲಿ ಕಟ್ಟಿ ತಂದು ಬಿತ್ತಿದಾಗ ಮೊಳೀತದೆ ಅಂತ ಯಾರು ಹೇಳಿದ್ರು ನನಗೆ?" ಎಂದರು. ಅಂದಿನಿಂದ ಆಫೀಸರಿಗೆ ಮಧ್ಯಾಹ್ನದ ಗಂಜಿ ನಮ್ಮ ಮನೆಯಲ್ಲೇ. ಕುಚ್ಚಲಕ್ಕಿಯ ಗಂಜಿಯನ್ನು ಅವರು ಮೊದಮೊದಲು ಔಷಧ ಕುಡಿಯುವ ಹಾಗೆ ಕುಡಿಯುತ್ತಿದ್ದರು. ಅಷ್ಟು ದಪ್ಪ ಕೆಂಪು ಅಕ್ಕಿ ಅವರ ಊರಿನಲ್ಲಿ ಯಾರೂ ಉಣ್ಣುವುದಿಲ್ಲವಂತೆ. "ಭತ್ತವನ್ನೇ ಹಂಡೆಯಲ್ಲಿ ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿ, ಮತ್ತೆ ಬೇಯಿಸುತ್ತೀರಾ? ಎರಡು ಸಲ?" ಎಂದು ಅವರು ಕೇಳಿದ್ದನ್ನು ಮಾವ ಮರೆಯಲೇ ಇಲ್ಲ. ಗಟ್ಟದ ಮೇಲಿನವರಿಗೆ ಭತ್ತ ಬೇಯಿಸಲಿಕ್ಕೂ ಗೊತ್ತಿಲ್ಲ, ಪಾಪ ಎಂದು ಅವರಿಗೆ ನಿಜವಾಗಿ ಕನಿಕರ ಬಂದಿತ್ತು. ಮುಂದಿನ ಅನಾಹುತಕ್ಕೆ ಈ ಕನಿಕರವೇ ಕಾರಣ.

ತೆನೆ ಬಲಿಯಿತು. ಹೊಸ ಅಕ್ಕಿ ಊಟದ ದಿನ ಆಫೀಸರನ್ನೂ ಕರೆದೆವು. ನಮ್ಮ ಕಡೆ ಹೊಸ ಅಕ್ಕಿಯ ಅನ್ನ ಬಾಯಿಗೆ ಇಡುವ ಮೊದಲು ಹಿರಿಯರನ್ನು ಕೇಳಬೇಕು. ಎಲೆಯ ಮುಂದೆ ಕೂತು ಒಬ್ಬೊಬ್ಬರೇ "ಹೊಸತು ಉಣ್ತೇನೆ" ಎನ್ನಬೇಕು, ಹಿರಿಯರು "ಉಣ್ಣು" ಎನ್ನಬೇಕು, ಆಮೇಲೆ ತುತ್ತು. ನಾನು ಅತ್ತೆಯನ್ನು ಕೇಳಿದೆ, ನನ್ನ ಗಂಡ ಮಾವನನ್ನು ಕೇಳಿದರು. ಆಫೀಸರು ಯಾರನ್ನು ಕೇಳುವುದೆಂದು ಗೊತ್ತಾಗದೆ ಸುತ್ತ ನೋಡಿ, ಅತ್ತೆಯ ಕಡೆ ತಿರುಗಿ "ಉಣ್ಣಲಾ ಅಮ್ಮ?" ಎಂದರು. ಅತ್ತೆ ಕೊನೆಗೆ ಕೂತವರು. ಅವರು ಗುತ್ತಿಗಾರಿನ ಕಡೆಯ ಗುಡ್ಡೆಗೆ ಮುಖ ಮಾಡಿ, "ಅವ್ವಾ, ಹೊಸತು ಉಣ್ತೇನೆ" ಎಂದು ಜೋರಾಗಿಯೇ ಕೇಳಿದರು. ಸ್ವಲ್ಪ ಹೊತ್ತು ಕಾದರು. ಉತ್ತರ ಬಂತೋ ಏನೋ, ತುತ್ತು ಎತ್ತಿದರು.

ಆ ಊಟ! ಬಡಿಸುವಾಗಲೇ ಮನೆ ತುಂಬಿತ್ತು. ನಾನು ಬಸುರಿ, ಆ ತಿಂಗಳುಗಳಲ್ಲಿ ಎಂತ ಕಂಡರೂ ವಾಕರಿಕೆ, ಆದರೆ ಆ ಅನ್ನವನ್ನು ಸಾರು ಕೂಡ ಹಾಕದೆ ಬರಿದೇ ಉಂಡೆ. ಅತ್ತೆ ನೋಡಿ ನಕ್ಕು, "ಹೆಣ್ಣು ಹುಟ್ಟಿದ್ರೆ ಅವಳ ಮಡಿಲಿಗೂ ಇದನ್ನೇ ಹಾಕುದು" ಎಂದರು. ಆ ಮಾತು ಹೇಳುವಾಗ ಅವರ ಮುಖ ಇದ್ದ ಹಾಗೆ ಆಮೇಲೆ ಯಾವತ್ತೂ ನಾನು ನೋಡಲಿಲ್ಲ.

ಕೊಯ್ಲು ಮುಗಿಯಿತು. ಕುಳ್ಳ ಭತ್ತ ರಾಶಿ ರಾಶಿ ಬಂತು, ಮಾವನ ಬಾಯಿ ಕಟ್ಟಿತು. ಅದರ ಹುಲ್ಲು ಮಾತ್ರ ಮುಡಿ ಕಟ್ಟಲಿಕ್ಕೆ ಸಾಲದಷ್ಟು ಗಿಡ್ಡ. ಮುಡಿ ಎಂದರೆ ಉದ್ದದ ಬೈಹುಲ್ಲನ್ನು ಹಗ್ಗ ಹೊಸೆದು ಸುತ್ತಿ, ಬಡಿದು ಬಡಿದು ಗಟ್ಟಿ ಮಾಡುವ ಉರುಟು ಕಟ್ಟು. ಒಳಗೆ ಅಕ್ಕಿಯೋ ಭತ್ತವೋ ಇದ್ದರೆ ಬಿಚ್ಚದೆ ಯಾರಿಗೂ ಗೊತ್ತಾಗುವುದಿಲ್ಲ. ಅತ್ತೆ ತಮ್ಮ ಕಯಮೆಯನ್ನು ಅದರದೇ ಹುಲ್ಲಿನಲ್ಲಿ ಎರಡು ಮುಡಿ ಕಟ್ಟಿಸಿ, ಒಲೆಯ ಹೊಗೆ ತಾಗುವ ಹಾಗೆ ಅಟ್ಟದಲ್ಲಿ ಇಟ್ಟರು. ಒಂದು ಉಣ್ಣಲಿಕ್ಕೆ, ಒಂದು ಬಿತ್ತಿಗೆ, ಅಂದರೆ ಬೀಜಕ್ಕೆ. ಉಣ್ಣುವ ಮುಡಿ ನನ್ನ ಸೀಮಂತಕ್ಕೆ ಖರ್ಚಾಯಿತು. ಆಫೀಸರು ಕಾಗದದ ತೊಟ್ಟೆಯಲ್ಲಿ ಸಿಕ್ಕಿದ ಮದುವೆಯ ಕಾಳುಗಳನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಿದರು.

ನಾನು ಹೆರಿಗೆಗೆ ಐವರ್ನಾಡಿಗೆ ಹೋದೆ. ಹೆಣ್ಣೇ ಹುಟ್ಟಿತು. ಸುದ್ದಿ ಹೋದದ್ದೇ ಅತ್ತೆ ಬಸ್ಸು ಹತ್ತಿ ಬಂದು, ನನ್ನ ತವರಿನಲ್ಲೇ ಉಳಿದುಬಿಟ್ಟರು. ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸುವುದು ನನ್ನ ಅವ್ವನಿಗೂ ಸಿಗಲಿಲ್ಲ. ಅತ್ತ ಮರ್ಕಂಜದಲ್ಲಿ ಮಾವ ಒಬ್ಬರೇ. ನನ್ನ ಗಂಡ ಅಡಿಕೆ ಮಾರುವ ಕೆಲಸಕ್ಕೆ ಪುತ್ತೂರಿಗೆ ಹೋಗಿದ್ದರು. ಆಫೀಸರು ತಮ್ಮ ಊರಿಗೆ ಹೋಗಿದ್ದರು. ಆ ಸಮಯಕ್ಕೆ ಶೆಡ್ಡಿನ ಜವಾನ ಬಂದು, "ದೊಡ್ಡ ಕಚೇರಿಗೆ ಒಂದು ಮುಡಿ ಕಯಮೆ ಕಳಿಸ್ಬೇಕಂತೆ, ಆಫೀಸರು ಹೇಳಿ ಹೋಗಿದ್ದಾರೆ, ಅಕ್ಕಿ ಅಲ್ಲ, ಭತ್ತವೇ ಆಗ್ಬೇಕಂತೆ" ಎಂದು ಹೇಳಿ ಹೋದ.

ಅಷ್ಟೇ ಮಾತು. ಉಳಿದದ್ದನ್ನು ಮಾವ ತಾವೇ ಯೋಚಿಸಿದರು. ಅವರ ಆಯುಷ್ಯದಲ್ಲಿ ನಮ್ಮ ಮನೆಯಿಂದ ದೊಡ್ಡ ಕಚೇರಿಗೆ ಹೋದದ್ದೆಲ್ಲ ತಿನ್ನುವ ವಸ್ತುವೇ. ಜೇನು, ಹಪ್ಪಳ, ಬಾಳೆಗೊನೆ. ಅದೂ ಅಲ್ಲದೆ, ಹಣ ಕೊಡುವ ದೊಡ್ಡ ಅಧಿಕಾರಿಗಳು ಪರಿಮಳ ನೋಡಬೇಕಾದರೆ ಉಂಡೇ ನೋಡಬೇಕಲ್ಲ. ಹಸಿ ಭತ್ತ ಕಳಿಸಿದರೆ ಅಲ್ಲಿ ಅದನ್ನು ಬೇಯಿಸಿ ಒಣಗಿಸಲಿಕ್ಕೆ ಯಾರಿಗೆ ಬರುತ್ತದೆ? ಮಾವ ಹಂಡೆ ಇಡಿಸಿದರು. ಆಳುಗಳನ್ನು ಕರೆದು ಮುಡಿ ಬಿಚ್ಚಿಸಿದರು. ಚೆನ್ನಾಗಿ ಹದ ನೋಡಿ ಬೇಯಿಸಿ, ಅಂಗಳದಲ್ಲಿ ಚಾಪೆ ಹಾಸಿ, ಕೋಳಿ ಬರದ ಹಾಗೆ ತಾವೇ ಕೋಲು ಹಿಡಿದು ಕೂತು ಒಣಗಿಸಿ, ಹೊಸ ಹಗ್ಗದಲ್ಲಿ ಮೊದಲಿಗಿಂತ ಚಂದದ ಮುಡಿ ಕಟ್ಟಿಸಿ ಬಸ್ಸಿಗೆ ಹಾಕಿಸಿದರು.

ಮಗುವನ್ನು ಎತ್ತಿಕೊಂಡು ನಾವು ಮನೆಗೆ ಬಂದ ದಿನ ಬಾಗಿಲಲ್ಲಿ ಆರತಿ ಆಯಿತು. ಅತ್ತೆ ನನ್ನನ್ನು ಹೊಸಿಲಿನಲ್ಲೇ ನಿಲ್ಲಿಸಿ, "ತಡಿ, ಇವಳ ತಲೆಗೆ ಕಯಮೆಯ ಕಾಳು ಹಾಕಿಯೇ ಒಳಗೆ ಕರೆಯುದು" ಎಂದು ಅಟ್ಟ ಹತ್ತಿದರು. ಮೇಲಿನಿಂದ ಎಂತ ಶಬ್ದವೂ ಇಲ್ಲ. ನನಗೆ ಕಾಲು ನೋಯುತ್ತಿತ್ತು, ಮಗು ಅಳಲಿಕ್ಕೆ ಶುರು ಮಾಡಿತು. ಕೊನೆಗೆ ಅವರು ಬರಿಗೈಯಲ್ಲಿ ಇಳಿದು ಬಂದು, "ಮುಡಿ ಎಲ್ಲಿ?" ಎಂದರು.

"ಸರ್ಕಾರಕ್ಕೆ ಕಳಿಸಿ ಆಯ್ತು" ಎಂದರು ಮಾವ, ದೊಡ್ಡ ಜಂಬದಲ್ಲಿ.

ಅತ್ತೆಗೆ ಜೀವ ಬಂದ ಹಾಗಾಯಿತು. "ಹಾಗಾ? ಹೋಗ್ಲಿ. ಅಲ್ಲಿ ಬಿತ್ತಿ ಬೆಳೆಸಿದ್ರೆ ನಮಗೂ ವಾಪಾಸು ಸಿಕ್ತದೆ."

"ಬಿತ್ತುದಾ?" ಮಾವನ ಮುಖ ಸಣ್ಣದಾಯಿತು. "ನಾನು ಲಾಯ್ಕದಲ್ಲಿ ಬೇಯಿಸಿ ಕಳಿಸಿದ್ದೇನೆ."

ಮಾವನೇ ಮತ್ತೆ, "ಇನ್ನೊಂದು ಮುಡಿ ಇತ್ತಲ್ಲ?" ಎಂದರು. ಅದು ಸೀಮಂತದಲ್ಲಿ ಮುಗಿದದ್ದು ಅವರಿಗೆ ಗೊತ್ತಿರಲಿಲ್ಲ, ಗಂಡಸರಿಗೆ ಅಟ್ಟದ ಲೆಕ್ಕ ಯಾವತ್ತು ಗೊತ್ತಿತ್ತು! ಅತ್ತೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹೊಸಿಲಿನ ಮೇಲೆ ಕೂತು, ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡು, ಅದರ ಬರಿ ತಲೆಯನ್ನು ಸವರಿದರು. ಬೇಯಿಸಿದ ಭತ್ತ ಮೊಳೆಯುವುದಿಲ್ಲ ಎಂದು ಆ ಮನೆಯಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಆಫೀಸರು ಊರಿನಿಂದ ಬಂದವರು ವಿಷಯ ಕೇಳಿ ಅದೇ ಕಾಲಲ್ಲಿ ದೊಡ್ಡ ಕಚೇರಿಗೆ ಓಡಿದರು. ಅಷ್ಟರಲ್ಲಿ ಅಲ್ಲಿ ಬಿತ್ತಿ ಆಗಿತ್ತು. ಒಂದು ಕಾಳೂ ಮೊಳೆತಿರಲಿಲ್ಲ. ಅಲ್ಲಿಯವರು ನಕ್ಕರಂತೆ. ಮಾವ ಮಾತಿಲ್ಲದ ಮನುಷ್ಯರಾದರು. ಒಂದು ಬೆಳಿಗ್ಗೆ ಕೊಡೆ ಹಿಡಿದು ಹೊರಟವರು ಗುತ್ತಿಗಾರಿನ ಮನೆ ಮನೆ ಕೇಳಿದರು, ಕಡಬದ ಕಡೆಯ ನೆಂಟರಲ್ಲಿ ಕೇಳಿದರು. ಎಲ್ಲ ಕಡೆಯೂ ಒಂದೇ ಉತ್ತರ. ಇತ್ತು, ನಮ್ಮ ಅಜ್ಜಿಯ ಕಾಲದಲ್ಲಿ. ಇತ್ತು, ಮೊನ್ನೆ ಮೊನ್ನೆ ಬಿಟ್ಟೆವು, ಈಗ ಸರ್ಕಾರದ ಹೊಸ ಬಿತ್ತು. ಬೇಕಾದರೆ ಅದನ್ನೇ ಕೊಡುತ್ತೇವೆ ಎಂದರಂತೆ. ಮಾವ ಬರಿಗೈಯಲ್ಲಿ ಬಂದು, ಕಾಲು ತೊಳೆಯದೆ ಅಂಗಳದಲ್ಲೇ ಕೂತರು. ಅತ್ತೆ ಒಂದು ಚೆಂಬು ನೀರು ತಂದು ಇಟ್ಟು ಒಳಗೆ ಹೋದರು. ಆ ಮಳೆಗಾಲ ಪೂರ್ತಿ ಅವರಿಬ್ಬರ ನಡುವೆ ಇದ್ದದ್ದು ಅಷ್ಟೇ.

ಆ ವರ್ಷ ಹೊಳೆಬದಿಯ ಗದ್ದೆಯಲ್ಲಿ ಕುಳ್ಳ ಭತ್ತ ಮಾತ್ರ. ಹೊಸ ಅಕ್ಕಿ ಊಟದ ದಿನ ಅತ್ತೆ ಎಲ್ಲರಿಗೂ "ಉಣ್ಣು" ಎಂದರು, ತಾವು ಗುತ್ತಿಗಾರಿನ ಗುಡ್ಡೆಯ ಕಡೆ ತಿರುಗಲಿಲ್ಲ. ಸುಮ್ಮನೆ ಉಂಡು ಎದ್ದರು. ಹೊಟ್ಟೆ ತುಂಬ ಅನ್ನವಿತ್ತು, ಸುಳ್ಳು ಹೇಳಬಾರದು. ಗೋಧಿಯ ಸಾಲಿನಲ್ಲಿ ನಿಲ್ಲುವುದು ತಪ್ಪಿತು. ಅದೇ ಭತ್ತ ಊರಿನ ಎಷ್ಟೋ ಮಕ್ಕಳನ್ನು ಉಳಿಸಿದೆ, ನನ್ನ ಮಗಳೂ ಅದನ್ನೇ ಉಂಡು ಬೆಳೆದವಳು. ಹಾಗಾಗಿ ಸರ್ಕಾರವನ್ನು ಬೈಯಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಆದರೆ ಹೊಟ್ಟೆ ತುಂಬಿದ ಮೇಲೆಯೂ ಒಂದು ಹಸಿವು ಇರುತ್ತದೆ ಮಾರಾಯ್ರೆ, ಅದಕ್ಕೆ ಎಂತ ಮಾಡುದು?

ಆ ಹಸಿವಿಗೆ ಹಣ ಕೊಡಲಿಕ್ಕೆ ಆಗುವುದಿಲ್ಲ ಎಂದು ಮೇಲಿನವರು ತೀರ್ಮಾನಿಸಿದರು. ಪರಿಮಳದ ಸಂಶೋಧನೆ ನಿಂತಿತು. ಆಫೀಸರನ್ನು ಬೇರೆ ಇಲಾಖೆಗೆ ಹಾಕಿದರು. ಹೋಗುವ ದಿನ ಅವರು ಅತ್ತೆಯ ಕಾಲು ಮುಟ್ಟಿ, "ಅಮ್ಮ, ಆ ತೊಟ್ಟೆಯ ಕಾಳು ನನ್ನ ಹತ್ತಿರ ಇದೆ. ನಮ್ಮಪ್ಪನ ಗದ್ದೆಯಲ್ಲಿ ಬಿತ್ತುತ್ತೇನೆ. ನಿಮ್ಮ ಕಯಮೆ ಎಲ್ಲಾದರೂ ಉಳಿದಿದ್ದರೆ ಅದರ ಒಳಗೇ" ಎಂದರು. ಅತ್ತೆ "ಜಾಗ್ರತೆ ಮಗ" ಎಂದರು. ಅಷ್ಟರವರೆಗೆ ಆಫೀಸರೇ ಎನ್ನುತ್ತಿದ್ದವರು. ಶೆಡ್ಡಿನ ತಗಡನ್ನು ಗಾಳಿ ಒಂದೊಂದಾಗಿ ಕಿತ್ತಿತು.

ಅತ್ತೆ ಕಾದರು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಬಸ್ಸಿನ ಹಾರ್ನ್ ಕೇಳಿದರೆ ಒನಕೆ ನಿಲ್ಲಿಸುತ್ತಿದ್ದರು. ಮಗಳು ನಡೆಯಲಿಕ್ಕೆ ಕಲಿತಳು, ಮಾತಾಡಲಿಕ್ಕೆ ಕಲಿತಳು. ಒಂದು ಆಶ್ವೀಜದಲ್ಲಿ, ನಾವೆಲ್ಲ ಇನ್ನು ಬರಲಿಕ್ಕಿಲ್ಲ ಎಂದುಕೊಂಡ ಮೇಲೆ, ಆಫೀಸರು ಬಂದರು. ತಲೆ ಸ್ವಲ್ಪ ಬೋಳಾಗಿತ್ತು, ಕೈಯಲ್ಲಿ ಒಂದು ಬಟ್ಟೆಯ ಚೀಲ.

"ಮೊದಲ ಬೆಳೆಯಲ್ಲಿ ಪರಿಮಳ ಅಡಗಿ ಕೂತುಬಿಡುತ್ತದೆ ಅಮ್ಮ. ಆಮೇಲೆ ಯಾವುದೋ ಒಂದೆರಡು ಗಿಡಕ್ಕೆ ಬರಬಹುದು, ಬರದೆಯೂ ಇರಬಹುದು. ಕೆಲವಕ್ಕೆ ಬಂದ ಹಾಗಿತ್ತು ನನಗೆ. ಆದರೆ ನಾನು ಅದನ್ನು ಉಂಡದ್ದು ಒಂದೇ ಸಲ, ನನ್ನ ಮೂಗಿನ ಮೇಲೆ ನನಗೆ ನಂಬಿಕೆ ಇಲ್ಲ. ನೀವು ಹೇಳಬೇಕು. ಇಲ್ಲ ಅಂದರೆ ಇಲ್ಲಿಗೇ ಬಿಡುತ್ತೇನೆ."

ಚೀಲದಲ್ಲಿದ್ದ ಭತ್ತದಲ್ಲಿ ಅತ್ತೆ ಅರ್ಧ ತೆಗೆದಿಟ್ಟು, ಅರ್ಧವನ್ನು ತಾವೇ ಕುಟ್ಟಿ, ಕೇರಿ, ಸಣ್ಣ ಪಾತ್ರೆಯಲ್ಲಿ ಇಟ್ಟರು. ನಾವೆಲ್ಲ ಒಲೆಯ ಸುತ್ತ. ಮಾವ ಬಾಗಿಲಿನ ಆಚೆ ನಿಂತಿದ್ದರು, ಒಳಗೆ ಬರುವ ಧೈರ್ಯ ಇಲ್ಲ. ಅನ್ನ ಕುದಿಯಿತು. ನಾನು ಉಸಿರು ಎಳೆದೆ, ಮತ್ತೆ ಎಳೆದೆ. ನನಗೆ ಬಂದದ್ದು ಕಟ್ಟಿಗೆಯ ಹೊಗೆ, ಅನ್ನದ ಹಬೆ. ನಾನು ಒಂದೇ ವರ್ಷ ಉಂಡವಳು, ನನಗೆ ಮರೆತು ಹೋಗಿರಬಹುದು ಎಂದುಕೊಂಡೆ. ಅತ್ತೆ ಎಲೆಯ ಮೇಲೆ ಒಂದು ಹಿಡಿ ಬಡಿಸಿಕೊಂಡು, ಎಷ್ಟೋ ವರ್ಷಗಳ ಮೇಲೆ ಗುತ್ತಿಗಾರಿನ ಗುಡ್ಡೆಯ ಕಡೆ ತಿರುಗಿ, "ಅವ್ವಾ, ಹೊಸತು ಉಣ್ತೇನೆ" ಎಂದರು. ತುತ್ತು ಮೂಗಿನ ಹತ್ತಿರ ಹಿಡಿದರು. ಕಣ್ಣು ಮುಚ್ಚಿದರು. ಬಾಯಿಗೆ ಇಟ್ಟು ಮೆಲ್ಲಗೆ ಜಗಿದರು.

"ಉಂಟು" ಎಂದರು.

ಆಫೀಸರು ಅಡುಗೆಮನೆಯ ನೆಲದಲ್ಲೇ ಕೂತು ಮಕ್ಕಳ ಹಾಗೆ ಅತ್ತರು. ಬಾಗಿಲಿನ ಆಚೆ ಮಾವ ಮೂಗು ಒರೆಸಿಕೊಂಡರು. ಅಂದು ಸಂಜೆ ಅತ್ತೆ ತಾವಾಗಿ ಮಾವನನ್ನು ಕರೆದು, ಎಷ್ಟೋ ಕಾಲದ ಮೇಲೆ, "ಗದ್ದೆಯ ಅಂಚು ಒಮ್ಮೆ ಸರಿ ಮಾಡಿ, ಬಿತ್ತಲಿಕ್ಕುಂಟು" ಎಂದರು. ಮಾವ ಹಾರೆ ಹುಡುಕಲಿಕ್ಕೆ ಓಡಿದ್ದನ್ನು ನೆನೆದರೆ ನನಗೆ ಈಗಲೂ ನಗುವೂ ಅಳುವೂ ಒಟ್ಟಿಗೆ ಬರುತ್ತವೆ.

ಆಮೇಲಿನ ವರ್ಷ ಆ ಭತ್ತ ಹೊಳೆಬದಿಯ ಮೂಲೆಗೆ ಬಂತು. ಕೆಲವು ಗಿಡ ಎತ್ತರ, ಕೆಲವು ಕುಳ್ಳ, ಕೆಲವಕ್ಕೆ ಮೀಸೆ, ಕೆಲವಕ್ಕೆ ಇಲ್ಲ. ತೆನೆ ಬಿಡುವಾಗ ಅತ್ತೆ ನನ್ನನ್ನೂ ಕರೆದುಕೊಂಡು ಇಳಿದು, ಒಂದೊಂದು ಬುಡದ ಎಲೆ ಉಜ್ಜಿ ಮೂಸಿ, ನನಗೂ ಮೂಸಲು ಕೊಟ್ಟು, "ಗೊತ್ತಾಗ್ತದಾ?" ಎಂದು ಕೇಳುತ್ತಿದ್ದರು. "ಇಲ್ಲ ಅತ್ತೆ" ಎಂದರೆ, "ಕಲೀಬೇಕು, ಒಂದೇ ಸಲಕ್ಕೆ ಬರ್ಲಿಕ್ಕಿಲ್ಲ" ಎಂದು ಮುಂದಕ್ಕೆ ಹೋಗುತ್ತಿದ್ದರು. ಕೆಲವು ಬುಡಕ್ಕೆ ದಾರ ಕಟ್ಟುತ್ತಿದ್ದರು, ಅದನ್ನೇ ಬಿತ್ತಿಗೆ ಇಡುತ್ತಿದ್ದೆವು. ನನಗೆ ನನ್ನ ಮೂಗಿನ ಮೇಲೆಯೇ ಸಿಟ್ಟು. ಅತ್ತೆಗೆ ಸಿಗುವುದು ನನಗೆ ಯಾಕೆ ಸಿಗುವುದಿಲ್ಲ?

ಹೀಗೆ ಮೂರ್ನಾಲ್ಕು ವರ್ಷ ಕಳೆಯುವ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದರು. ಎದೆಯಲ್ಲಿ ಕಫ, ಮೂಗು ಕಟ್ಟಿ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಹೊಸ ಅಕ್ಕಿ ಊಟದ ದಿನ ಅವರಿಗೆ ದಿಂಬು ಕೊಟ್ಟು ಕೂರಿಸಿ, ಆ ಭತ್ತದ್ದೇ ಅನ್ನವನ್ನು ಮೆತ್ತಗೆ ಮಾಡಿ ತಂದೆ. ಮೊದಲು ನಾನೇ, "ಹೊಸತು ಉಣ್ತೇನೆ ಅತ್ತೆ" ಎಂದು ಕೇಳಿದೆ. "ಉಣ್ಣು" ಎಂದರು. ಒಂದು ತುತ್ತು ಅವರ ಬಾಯಿಗೆ ಇಟ್ಟೆ. ಅವರು ನುಂಗಿ, ನನ್ನ ಮುಖವನ್ನೇ ನೋಡುತ್ತಾ ಕೇಳಿದರು, "ಪರಿಮಳ ಉಂಟಾ ಮಗಳೇ?"

ಪಾತ್ರೆ ನನ್ನ ಮಡಿಲಲ್ಲೇ ಇತ್ತು. ಹಬೆ ಮುಖಕ್ಕೆ ಹೊಡೆಯುತ್ತಿತ್ತು. ಏನೂ ಇರಲಿಲ್ಲ.

"ಉಂಟು ಅತ್ತೆ, ಭಾರೀ ಉಂಟು."

ಅತ್ತೆ ನಕ್ಕರು. ಕೆಮ್ಮು ಬರುವಷ್ಟು ನಕ್ಕರು. ಅವರ ಬೆನ್ನು ತಟ್ಟುತ್ತಾ ನಾನು ಗಾಬರಿಯಾದೆ. ಉಸಿರು ಸಿಕ್ಕಿದ ಮೇಲೆ ಹೇಳಿದರು, "ನಾನೂ ಹೀಗೇ ಹೇಳಿದ್ದು ಆ ಮಗನಿಗೆ."

ಅಂದು ಆಫೀಸರಿಗೆ ಉಂಟು ಎಂದದ್ದರ ಬಗ್ಗೆ ಹೇಳುತ್ತಿದ್ದಾರೆ ಎಂದು ನನಗೆ ಅರ್ಥವಾಗಲಿಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಹಾಗಾದರೆ ಅಷ್ಟು ವರ್ಷ ಗದ್ದೆಯಲ್ಲಿ? ಕಟ್ಟಿದ ದಾರಗಳು?

"ಆಗ ಇಲ್ಲ ಅಂದಿದ್ರೆ ಅವನು ಅಲ್ಲಿಗೇ ಬಿಡ್ತಿದ್ದ. ನಿನ್ನ ಮಾವ ಅದೇ ಕೊರಗಿನಲ್ಲಿ ಸಾಯ್ತಿದ್ರು" ಎಂದರು. ದಿಂಬಿಗೆ ಒರಗಿ, "ದಾರ ಕಟ್ಟಿದ್ದು ಸುಳ್ಳಲ್ಲ. ಒಂದೊಂದು ಬುಡದ ಹತ್ತಿರ ಉಂಟಾ ಅಂತ ಅನುಮಾನ ಬರ್ತಿತ್ತು. ಅವ್ವನ ಮನೆಯ ಅಂಗಳ ಒಂದು ಗಳಿಗೆ ಕಂಡ ಹಾಗೆ ಆಗುದು, ಮತ್ತೆ ಇಲ್ಲ. ಅಡಗಿ ಕೂತದ್ದು ಯಾವಾಗಾದ್ರೂ ಹೊರಗೆ ಬರ್ತದೆ ಅಂತ ಅವನು ಹೇಳಿದ್ದಾನಲ್ಲ. ಬಿತ್ತುದು ಬಿಡ್ಬೇಡ" ಎಂದರು. ಆಮೇಲೆ ಗುಡ್ಡೆಯ ಕಡೆಯ ಕಿಟಕಿ ತೆರೆಯಲು ಹೇಳಿದರು. ತೆರೆದೆ.

ಅವರು ಆ ಸುಗ್ಗಿ ದಾಟಲಿಲ್ಲ. ಮುಂದಿನ ಮಳೆಗಾಲಕ್ಕೆ ನಾನೇ ಬಿತ್ತಿದೆ, ನಾನೇ ನಟ್ಟಿ ಮಾಡಿಸಿದೆ. ತೆನೆ ಬಿಡುವ ಸಮಯದಲ್ಲಿ ಒಂದು ಬೆಳಿಗ್ಗೆ ಮಗಳನ್ನು ಅಂಚಿನಲ್ಲಿ ಕೂರಿಸಿ, ಸೀರೆ ಎತ್ತಿ ಕಟ್ಟಿ ಹೊಳೆಬದಿಯ ಗದ್ದೆಗೆ ಇಳಿದೆ. ಮೂಲೆಯ ಬುಡದಿಂದ ಒಂದು ಎಲೆ ಕಿತ್ತು ಅಂಗೈಯಲ್ಲಿ ಉಜ್ಜಿ, ಕಣ್ಣು ಮುಚ್ಚಿ ಮೂಸಿದೆ. ಇಲ್ಲ. ಪಕ್ಕದ ಬುಡಕ್ಕೆ ಹೋದೆ.